ಎರಡು ಗೀಟು

ಮಾವ ತೀರಿಕೊಂಡ ದಿನ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು ಒಂದೇ ಮಾತು. 'ಎದೇನಾ?' ಅಂತ. ಅಲ್ಲ ಸ್ವಾಮಿ, ಜ್ವರ. ಮಳೆಗಾಲದ ಕೊನೆಯಲ್ಲಿ ಹಿಡಿದ ಜ್ವರ ಬಿಡಲೇ ಇಲ್ಲ, ಅಷ್ಟೆ. ಆ ಮನುಷ್ಯನ ಎದೆ ಕೊನೆಯವರೆಗೂ ನೆಟ್ಟಗಿತ್ತು. ಇದನ್ನು ಇಷ್ಟು ಖಂಡಿತವಾಗಿ ಹೇಳಬಲ್ಲವರು ನಮ್ಮೂರಿನಲ್ಲಿ ಇಬ್ಬರೇ, ಅವರ ಹೆಂಡತಿ ಮತ್ತು ನಾನು. ಹೇಗೆ ಎಂದು ವಿವರಿಸಲು ಹೋದರೆ ಜನ ನಮ್ಮಿಬ್ಬರ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದಕ್ಕೇ ಬರೆದುಬಿಡುವುದು ವಾಸಿ.

ಮಾವ ಎಂದರೆ ಸಂಬಂಧದ ಮಾವ ಅಲ್ಲ, ಬೀದಿಯ ವರಸೆಯ ಮಾವ. ಅವರ ಹೆಂಡತಿ ಅದೇ ವರಸೆಯಲ್ಲಿ ಅತ್ತೆ. ಕುಂದಾಣದ ಕಡೆಯ ನಮ್ಮೂರಿನಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ನಾನು ಏರ್‌ಪೋರ್ಟಿನ ಸರಕಿನ ಗೋಡೌನಿನಲ್ಲಿ ಶಿಫ್ಟ್ ಕೆಲಸ ಮಾಡುವವನಾದ್ದರಿಂದ, ಹಗಲಲ್ಲಿ ಯಾವಾಗ ಕರೆದರೂ ಬರುವ ಬಿಟ್ಟಿ ಆಳು ಎಂದು ಬೀದಿಯವರಿಗೆಲ್ಲ ನಂಬಿಕೆ. ಮಾವನಿಗಂತೂ ಬಲವಾದ ನಂಬಿಕೆ.

ಅವರು ದನದ ದಲ್ಲಾಳಿ. ಸೂಲಿಬೆಲೆಯಿಂದ ದೊಡ್ಡಬಳ್ಳಾಪುರದವರೆಗೆ ಎತ್ತು ಕೊಳ್ಳುವವರು ಅವರು ಹೂಂ ಅನ್ನದೆ ಹಗ್ಗ ಮುಟ್ಟುತ್ತಿರಲಿಲ್ಲ. ಹೆಗಲ ಮೇಲೆ ಸದಾ ಕೆಂಪು ಚೌಕದ ಟವೆಲು. ಅದು ಬೆವರು ಒರೆಸುವುದಕ್ಕಲ್ಲ. ವ್ಯಾಪಾರ ಕುದುರಿಸುವಾಗ ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಅದರ ಕೆಳಗೆ ಹೋಗಿ, ಬೆರಳು ಹಿಡಿದು ಬೆಲೆ ಹೇಳಿಕೊಳ್ಳುತ್ತವೆ. ಸುತ್ತ ನಿಂತವರಿಗೆ ಟವೆಲು ಅಲ್ಲಾಡುವುದಷ್ಟೇ ಕಾಣುತ್ತದೆ.

ಟ್ರಾಕ್ಟರುಗಳು ಬಂದು ಎತ್ತು ಕಟ್ಟುವವರು ಕಡಿಮೆಯಾದರು. ವ್ಯಾಪಾರ ನಿಂತರೂ ಮಾವನ ಕಣ್ಣು ನಿಲ್ಲಲಿಲ್ಲ. ಬಸ್ಸು ಹತ್ತುವ ಮುಂಚೆ ಅದರ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ ಆಮೇಲೆ ಹತ್ತುತ್ತಿದ್ದರು. ಅತ್ತೆಯ ಅಣ್ಣನ ಮಗಳನ್ನು ನೋಡಲು ಬಂದ ಗಂಡನ್ನು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ, 'ಎಡಗಾಲು ಸ್ವಲ್ಪ ಎಳೀತಾನೆ, ಮಿಕ್ಕಂಗೆ ಸಾಧು' ಎಂದು ಎಲ್ಲರೆದುರಿಗೇ ತೀರ್ಪು ಕೊಟ್ಟಿದ್ದರು. ಏರ್‌ಪೋರ್ಟು ಶುರುವಾದ ಹೊಸತರಲ್ಲಿ ಊರಿಗೆ ಊರೇ ಕಾಂಪೌಂಡಿನ ಹತ್ತಿರ ವಿಮಾನ ನೋಡಲು ಹೋಗಿತ್ತು. ಎಲ್ಲರೂ ರೆಕ್ಕೆ ನೋಡಿದರೆ ಮಾವ ಕಾಲು ನೋಡಿದರು. 'ಮುಂಗಾಲು ಸಣ್ಣ, ಹಿಂಗಾಲು ಭಾರ. ಎಗರೋ ಜಾತಿ, ಉಳೋಕಾಗಲ್ಲ' ಎಂದರು. ಅಲ್ಲಿಗೆ ವಿಮಾನದ ವಿಷಯ ಮುಗಿಯಿತು.

ಒಂದು ದಿನ ಅವರಿಗೇ ಎದೆ ನೋವು ಬಂತು. ದೇವನಹಳ್ಳಿಯ ಡಾಕ್ಟರು ಎಲ್ಲ ನೋಡಿ, ಮಾತ್ರೆ ಬರೆದು, ಮನೆಯಲ್ಲಿ ಕೂರಬೇಡಿ, ನಡೆಯಿರಿ, ಬೇಕಾದರೆ ಸೈಕಲ್ ತುಳಿಯಿರಿ, ಆದರೆ ಎದೆಬಡಿತ ನಿಮಿಷಕ್ಕೆ ನೂರಮೂವತ್ತು ದಾಟಬಾರದು ಎಂದರು. ಹೊಡೆತ ಎಣಿಸುವ ಮಿಷನ್ನು ಸಿಗುತ್ತದೆ, ಕಟ್ಟಿಕೊಳ್ಳಿ ಎಂದೂ ಹೇಳಿದರು. ಮಾವನ ಕಿವಿಗೆ ಬಿದ್ದದ್ದು ಸೈಕಲ್ಲು, ಅತ್ತೆಯ ಕಿವಿಗೆ ಬಿದ್ದದ್ದು ನೂರಮೂವತ್ತು.

ಸೈಕಲ್ಲು ತಾನಾಗಿಯೇ ಬಂತು. ಭಾನುವಾರ ಬಂದರೆ ಬೆಂಗಳೂರಿನಿಂದ ಬಿಗಿ ಬಟ್ಟೆಯವರು ಗುಂಪುಗುಂಪಾಗಿ ಬಂದು ನಮ್ಮ ಗುಡ್ಡದ ಕಲ್ಲುದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದರಲ್ಲ, ಅವರಲ್ಲೊಬ್ಬ ಮಾವನ ರಾಗಿ ಹೊಲಕ್ಕೆ ತಲೆಕೆಳಗಾಗಿ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಇನ್ನು ಈ ಸೈಕಲ್ಲಿನ ಮುಖ ನೋಡುವುದಿಲ್ಲ ಎಂದು ನೆಲದಲ್ಲಿ ಬಿದ್ದುಕೊಂಡೇ ಆಣೆ ಹಾಕಿದ. ಮಾವ ಅವನಿಗೆ ನೀರು ಕುಡಿಸಿ, ಸೈಕಲ್ಲಿನ ಬೆನ್ನು ಸವರಿ, ಚಕ್ರ ಎತ್ತಿ ತಿರುಗಿಸಿ, ಅವನ ನೆಟ್ಟಗಿದ್ದ ಕೈಯನ್ನು ಟವೆಲಿನ ಕೆಳಗೆ ತೆಗೆದುಕೊಂಡರು. ನೋವಿನಲ್ಲಿದ್ದವನು ಯಾವ ಬೆರಳು ಒತ್ತಿದನೋ ಗೊತ್ತಿಲ್ಲ, ವ್ಯಾಪಾರ ಆಗಿಹೋಯಿತು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. 'ಆ ಮಿಷನ್ನು ತರೋಗಂಟ ಈ ಸೈಕಲ್ಲು ಕೊಟ್ಟಿಗೆ ದಾಟಂಗಿಲ್ಲ.' ಮಾವನಿಗೆ ಗುಡ್ಡದ ತುದಿಯ ಕಲ್ಲುಮಂಟಪದ ತನಕ ಹತ್ತಬೇಕು ಎಂಬ ಹುಚ್ಚು. ದನ ಹೊಡೆದುಕೊಂಡು ಹೋಗುವಾಗ ಅವರು ಸುಧಾರಿಸಿಕೊಳ್ಳಲು ಕೂರುತ್ತಿದ್ದ ಜಾಗ ಅದು. ಮನೆಯಲ್ಲಿ ಕಟ್ಟಿಹಾಕಿದ ಮುದಿ ಎತ್ತಾಗುತ್ತೇನಲ್ಲ ಎಂಬ ಭಯ ಮಾವನಿಗೆ. ಈ ಮನುಷ್ಯ ಯಾವುದೋ ದಿಣ್ಣೆಯಲ್ಲಿ ಎದೆ ಹಿಡಿದುಕೊಂಡು ಬಿದ್ದು, ನನಗೆ ಸುದ್ದಿ ಬೇರೆಯವರ ಬಾಯಿಂದ ಬರುತ್ತದಲ್ಲ ಎಂಬ ಭಯ ಅತ್ತೆಗೆ. ಇಬ್ಬರೂ ಇದನ್ನು ನನ್ನ ಹತ್ತಿರ ಬೇರೆಬೇರೆಯಾಗಿ ಹೇಳಿಕೊಂಡರು. ಒಬ್ಬರಿಗೊಬ್ಬರು ಮಾತ್ರ ಹೇಳಿಕೊಳ್ಳಲಿಲ್ಲ.

ಹೆಬ್ಬಾಳದ ಹತ್ತಿರದ ಸೈಕಲ್ ಅಂಗಡಿಗೆ ಮೂವರೂ ಹೋದೆವು. ಗಾಜಿನ ಬಾಗಿಲು, ಒಳಗೆ ಏಸಿ. ಮಾರುವವನು ಮೊದಲು ಕೈಗೆ ಕಟ್ಟುವ ವಾಚು ತೋರಿಸಿದ. ಚರ್ಮದ ಮೇಲೆ ಹಸಿರು ದೀಪ ಬಿಟ್ಟು ರಕ್ತ ಓಡುವುದನ್ನು ನೋಡಿ ಲೆಕ್ಕ ಹೇಳುತ್ತದೆ ಎಂದ. ಮಾವ ಕಟ್ಟಿಕೊಂಡು, ಅಲ್ಲೇ ನಿಂತಿದ್ದ ಸೈಕಲ್ಲಿನ ಹ್ಯಾಂಡಲ್ ಹಿಡಿದು ಕಲ್ಲುದಾರಿಯಲ್ಲಿ ಕುಲುಕುವ ಹಾಗೆ ಗಡಗಡ ಅಲ್ಲಾಡಿಸಿದರು. ವಾಚಿನ ಅಂಕಿ ಮೇಲೆ ಕೆಳಗೆ ಹಾರಾಡಿತು.

'ದಾರಿ ಕೆಟ್ರೆ ಇದ್ರ ಬುದ್ಧೀನೂ ಕೆಡ್ತದೆ. ಬ್ಯಾಡ' ಎಂದು ಬಿಚ್ಚಿಟ್ಟರು.

ಎರಡನೆಯದು ನಕ್ಷೆ ತೋರಿಸುವ, ಬೆರಳಲ್ಲಿ ಮುಟ್ಟುವ ಸ್ಕ್ರೀನಿನ ಸೈಕಲ್ ಕಂಪ್ಯೂಟರು. ಎಷ್ಟು ದೂರ, ಎಷ್ಟು ಎತ್ತರ, ಎಲ್ಲ ಹೇಳುತ್ತದಂತೆ. ಮಾವ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಅದರಲ್ಲಿ ನಮ್ಮೂರ ಕೆರೆಯ ಮಣ್ಣು! ನಾನು ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿ ಗೋಡೆಯ ಕಡೆ ತಿರುಗಿದೆ. ಅವರು ಬಾಟಲಿ ನೀರು ಬಿಟ್ಟು ಮಣ್ಣು ಕಲಸಿ, ಬೆರಳಿಗೆ ಬಳಿದುಕೊಂಡು ಸ್ಕ್ರೀನು ಒತ್ತಿದರು. ಅದು ಕದಲಲಿಲ್ಲ.

'ಸಾರ್, ಏನ್ ಮಾಡ್ತಿದ್ದೀರಾ!' ಎಂದ ಮಾರುವವನು.

'ಕೆಸರಲ್ಲಿ ನಡೆಸಿ ನೋಡ್ದೆ ಯಾರಾನಾ ಎತ್ತು ಕೊಂಡವ್ರೇನಪ್ಪಾ? ಎಷ್ಟು ಎತ್ತರ ಹತ್ತಿದೆ ಅಂತ ನನ್ನ ಕಾಲೇ ಹೇಳ್ತದೆ, ಅದುಕ್ಯಾಕೆ ಇಷ್ಟು ದೊಡ್ಡ ಮಿಷನ್ನು? ಗುಂಡಿ ಇರೋದು ಐತಾ?'

ಇತ್ತು. ಮೂಲೆಯ ಕಪಾಟಿನಲ್ಲಿ ಯಾರೂ ಕೇಳದೆ ಬಿದ್ದಿದ್ದ ಸರಳವಾದ ಸೆಟ್ಟು: ಎದೆಗೆ ಕಟ್ಟುವ ಒಂದು ಪಟ್ಟಿ, ಹ್ಯಾಂಡಲ್ಲಿಗೆ ಸಿಕ್ಕಿಸುವ ಒಂದು ಪುಟ್ಟ ಸ್ಕ್ರೀನು, ದಪ್ಪ ಅಂಕಿ, ಒತ್ತುವ ಗುಂಡಿ. ಕೆಸರು ಬೆರಳಿಗೆ ಗುಂಡಿ ಬಗ್ಗಿತು. ಬಿಸಿಲಿಗೆ ಹಿಡಿದಾಗ ಕನ್ನಡಕವಿಲ್ಲದೆ ಅಂಕಿ ಕಂಡಿತು. ಪಟ್ಟಿ ಕಟ್ಟಿಸಿಕೊಂಡು ಕುಲುಕಾಡಿ ನೋಡಿದರೂ ಲೆಕ್ಕ ತಪ್ಪಲಿಲ್ಲ. ಮಾವ ಅದರ ಬೆನ್ನು ತಟ್ಟಿದರು.

'ಆಯ್ತು. ಇದ್ರ ಜೊತೇದು ಎಲ್ಲಿ?'

'ಒಂದೇ ಸಾಕಲ್ವಾ ಸಾರ್? ಎದೆ ಇರೋದು ಒಂದೇ ತಾನೇ?'

'ಒಂಟಿ ಎತ್ತು ಹೊಡ್ಕಂಡು ಹೋದ್ರೆ ಊರು ನಗ್ತದೆ ಕಣಪ್ಪಾ. ಜೋಡಿ ತೆಗಿ.'

ಹೀಗೆ ಎರಡು ಸೆಟ್ಟು. ಬೆಲೆ ಮಾತಾಡಲು ಮಾವ ಟವೆಲು ಹಾಸಿ ಕೈ ಚಾಚಿದಾಗ, ಮಾರುವವನು ಅದರ ಕೆಳಗೆ ಕೈ ತೂರಿಸಿ ಬಹಳ ಮರ್ಯಾದೆಯಿಂದ ಕೈಕುಲುಕಿದ. ಐದೂ ಬೆರಳು ಹಿಡಿದಿದ್ದಾನೆ, ಅಂದರೆ ಐನೂರಕ್ಕೆ ಒಪ್ಪಿದ್ದಾನೆ, ಮಾತು ಅಂದರೆ ಮಾತು ಎಂದು ಮಾವ ಪಟ್ಟು ಹಿಡಿದರು. ಅಂಗಡಿಯ ಯಜಮಾನ ಒಳಗಿನಿಂದ ಬಂದು ನಕ್ಕು ಬಗೆಹರಿಸಬೇಕಾಯಿತು. ಹೊರಡುವಾಗ ಮಾರುವವನು ಒಂದೊಂದು ಪಟ್ಟಿಯನ್ನು ಒಂದೊಂದು ಸ್ಕ್ರೀನಿಗೆ ಹೊಂದಿಸಿಕೊಟ್ಟ. ಪಕ್ಕದಲ್ಲಿ ಇನ್ನೆಷ್ಟು ಪಟ್ಟಿ ಇದ್ದರೂ ಸ್ಕ್ರೀನು ತನ್ನ ಪಟ್ಟಿಯನ್ನು ಮಾತ್ರ ಓದುತ್ತದೆ, ಅದೂ ಹತ್ತಿರ ಇದ್ದರೆ ಎಂದ. ನಾವು ತಲೆಯಾಡಿಸಿದೆವು.

ಮನೆಗೆ ಹೊಸ ಪದಾರ್ಥ ಬಂದರೆ ಪೂಜೆಯಿಲ್ಲದೆ ಮುಟ್ಟುವುದುಂಟೇ? ಅತ್ತೆ ಎರಡೂ ಡಬ್ಬಿ ಬಿಚ್ಚಿ, ಪಟ್ಟಿ ಎರಡು, ಸ್ಕ್ರೀನು ಎರಡು, ನಾಲ್ಕನ್ನೂ ಒಂದೇ ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಮಂಗಳಾರತಿ ಬೆಳಗಿದರು. ಸೈಕಲ್ಲಿನ ಚಕ್ರಕ್ಕೆ ನಿಂಬೆಹಣ್ಣು. ಆಮೇಲೆ ಮಾವ ಒಂದು ಪಟ್ಟಿ ಒಂದು ಸ್ಕ್ರೀನು ಎತ್ತಿಕೊಂಡರು. ಉಳಿದ ಸೆಟ್ಟು ಸುಮ್ಮನೆ ಕೊಟ್ಟಿಗೆಯಲ್ಲಿ ನಿಂತ ಎತ್ತಾಗಬಾರದೆಂದು ಅತ್ತೆ ಕಟ್ಟಿಕೊಂಡರು.

ಅಲ್ಲಿಂದ ನಮ್ಮ ಮೆರವಣಿಗೆ ಶುರು. ಮುಂದೆ ಪಟ್ಟಾಪಟ್ಟಿ ಚಡ್ಡಿ, ಬನಿಯನ್ನು, ಟವೆಲ್ ಸುತ್ತಿದ ತಲೆಯ ಮೇಲೆ ಹೆಲ್ಮೆಟ್ಟು ಇಟ್ಟ ಮಾವ. ಹಿಂದೆಯೇ ನನ್ನ ಮೊಪೆಡ್ಡು. ಅದರ ಹಿಂಬದಿಯಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು, ಅಂಗೈಯಲ್ಲಿ ತಮ್ಮ ಸ್ಕ್ರೀನು ಹಿಡಿದು ಕೂತ ಅತ್ತೆ. ಮಾವ ಬಿದ್ದರೆ ಎತ್ತಲು ಜೊತೆಗೇ ಇರಬೇಕು ಎಂದು ಅವರ ಹಟ.

ಮೊದಲ ವಾರದಲ್ಲೇ ಮಾವ ಒಂದು ಸತ್ಯ ಕಂಡುಹಿಡಿದರು. ಹತ್ತುವಾಗ ಎದೆಗೆ ಏನೂ ಆಗುವುದಿಲ್ಲ, ಇಳಿಯುವುದೇ ಅಪಾಯ! ದಿಣ್ಣೆ ಹತ್ತುವಾಗ ಅವರ ಹ್ಯಾಂಡಲ್ಲಿನ ಅಂಕಿ ಎಂಬತ್ತರ ಆಸುಪಾಸಿನಲ್ಲಿ ತಣ್ಣಗೆ ಕೂತಿರುತ್ತಿತ್ತು. ಇಳಿಜಾರಿನಲ್ಲಿ ಮಾತ್ರ ಹುಚ್ಚೆದ್ದು ಏರುತ್ತಿತ್ತು. 'ಏರು ಅಂದ್ರೆ ನನ್ನ ಎದೆಗೆ ವಿಶ್ರಾಂತಿ ಕಣಪ್ಪಾ. ಡಾಕ್ಟ್ರಿಗೆ ಇದು ಗೊತ್ತೇ ಇಲ್ಲ' ಎನ್ನುತ್ತಿದ್ದರು. ಅವರು ಏದುಸಿರು ಬಿಡುತ್ತಿದ್ದುದು, ಬನಿಯನ್ನು ಒದ್ದೆಯಾಗುತ್ತಿದ್ದುದು ನಮಗೆ ಕಾಣುತ್ತಿತ್ತು. ಕೇಳಿದರೆ, 'ಅದು ಶ್ವಾಸಕೋಶದ ತರಲೆ, ಎದೇದಲ್ಲ' ಎಂದು ಸ್ಕ್ರೀನು ತೋರಿಸುತ್ತಿದ್ದರು. ಹೀಗಾಗಿ ದಿಣ್ಣೆ ಹತ್ತುವಾಗ ಸೈಕಲ್ ತುಳಿದು, ಇಳಿಯುವಾಗ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಬರುವ ಏಕೈಕ ಮನುಷ್ಯ ಎಂದು ಅವರು ಸುತ್ತಮುತ್ತ ಹೆಸರು ಮಾಡಿದರು. ಬೆಂಗಳೂರಿನ ಬಿಗಿ ಬಟ್ಟೆಯವರು ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು.

ಅತ್ತೆಯ ಕಥೆ ಇನ್ನೂ ವಿಚಿತ್ರ. ಮೊಪೆಡ್ಡಿನಲ್ಲಿ ಸುಮ್ಮನೆ ಕೂತವರ ಎದೆ, ದಿಣ್ಣೆ ಬಂತೆಂದರೆ ನೂರೈವತ್ತು ಮುಟ್ಟುತ್ತಿತ್ತು.

'ಲೋ, ನೀನು ಗಾಡಿ ಹೊಡಿಯೋ ಚೆಂದಕ್ಕೆ ನನ್ನ ಜೀವ ಹೋಗ್ತೈತೆ' ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದರು.

'ದಿಣ್ಣೇಲಿ ಗಾಡಿ ನಡೆಯೋದೇ ಇಲ್ಲ ಅತ್ತೆ, ನಾನೇನ್ ಹೊಡೀಲಿ?'

ಅವರೂ ದೇವನಹಳ್ಳಿಗೆ ಹೋಗಿ ಬಂದರು. ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. ಅತ್ತೆ ನಂಬಲಿಲ್ಲ, ಕಾಫಿ ಬಿಟ್ಟರು. 'ನೀವು ಬರಬೇಡಿ ಅತ್ತೆ, ನಾನು ನೋಡ್ಕೋತೀನಿ' ಎಂದೆ. 'ನನ್ನ ಎದೆ ಒಡೆದು ಹೋದ್ರೂ ಸರಿ, ಅವರನ್ನ ಒಬ್ರುನ್ನೇ ಬಿಡಲ್ಲ' ಎಂದು ಮತ್ತೆ ಹಿಂದೆ ಹತ್ತಿ ಕೂತರು. ತಾನು ಸಾಯುತ್ತಿದ್ದೇನೆ ಎಂದು ನಿಜವಾಗಿ ನಂಬಿಕೊಂಡೇ ಆ ಹೆಂಗಸು ಅಷ್ಟು ದಿನ ಮೊಪೆಡ್ ಹತ್ತಿದ್ದು. ಆಗ ನನಗೆ ನಗು ಬರುತ್ತಿತ್ತು.

ಒಂದು ಬೆಳಗ್ಗೆ ಗುಡ್ಡದ ಬುಡದಲ್ಲಿ ಅತ್ತೆಗೆ ಅವರ ತವರಿನ ಹೆಂಗಸೊಬ್ಬರು ಮೇಕೆ ಮೇಯಿಸುತ್ತಾ ಸಿಕ್ಕಿದರು. 'ನೀವು ನಡೀರಿ, ಎರಡು ಮಾತಾಡಿ ಬಂದೆ' ಎಂದು ಮೊಪೆಡ್ಡಿನಿಂದ ಇಳಿದರು. ಮಾವ ಮುಂದೆ, ನಾನು ಹಿಂದೆ, ಒಂದು ತಿರುವು ದಾಟಿದ್ದೆವು ಅಷ್ಟೆ. ಮಾವ ಗಕ್ಕನೆ ಬ್ರೇಕು ಹಿಡಿದು, ಸೈಕಲ್ಲಿನಿಂದ ಇಳಿದು, ಅದನ್ನು ಹೊಂಗೆಮರಕ್ಕೆ ಒರಗಿಸಿ, ಟವೆಲು ಹಾಸಿ ಅಂಗಾತ ಮಲಗಿದರು.

'ಏನಾಯ್ತು ಮಾವ?'

'ನಿಂತೋಯ್ತು ಕಣಪ್ಪಾ.'

'ಏನು?'

'ಎದೆ.' ಸ್ಕ್ರೀನಿನ ಕಡೆ ಕೈ ತೋರಿಸಿದರು. ಅಂಕಿ ಇರಬೇಕಾದಲ್ಲಿ ಎರಡು ಅಡ್ಡ ಗೀಟು.

ನಾನು ಅವರ ನಾಡಿ ಹಿಡಿದೆ. ಧಡಧಡ ಹೊಡೆಯುತ್ತಿತ್ತು. 'ಸರಿಯಾಗೇ ಹೊಡ್ಕೋತಿದೆ ಮಾವ!'

'ಅದು ಮೊದ್ಲಿಂದ ಓಡಿದ್ದ ಬಿರುಸು. ಗಾಣ ಬಿಟ್ಟ ಮೇಲೂ ಎತ್ತು ಎರಡು ಸುತ್ತು ತಿರುಗ್ತದಲ್ಲ, ಹಂಗೆ. ಅಷ್ಟೊಂದು ಆರಿಸಿ ತಂದ ಮಿಷನ್ನು ಸುಳ್ಳು ಹೇಳ್ತದಾ?'

'ಸತ್ತವರು ಮಾತಾಡ್ತಾರಾ ಮಾವ?'

'ಹೊಸತರಲ್ಲಿ ಮಾತಾಡ್ತಾರೇನೋ, ನನಗೇನು ಗೊತ್ತು? ನನಗೂ ಇದೇ ಮೊದಲು. ನೋಡು, ಕೊಟ್ಟಿಗೇಲಿರೋ ಕೆಂದ ಎತ್ತನ್ನ ಜೊತೇದು ಬಿಟ್ಟು ಒಂಟಿಯಾಗಿ ಮಾರ್ಬೇಡ ಅಂತ ಅವಳಿಗೆ ಹೇಳು. ಸೈಕಲ್ಲು ನೀನಿಟ್ಕೋ. ಇಳಿಜಾರಲ್ಲಿ ತುಳೀಬ್ಯಾಡ.'

ಅಷ್ಟರಲ್ಲಿ ತಿರುವಿನಿಂದ ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು, ಸ್ಕ್ರೀನು ಮುಂದೆ ಚಾಚಿ ಓಡಿಬಂದರು. 'ರೀ, ನಿಂತ್ಕಳ್ರೀ! ನಂದು ನಿಂತೋಗೈತೆ! ಎರಡು ಗೀಟು ಬಂದ್ಬುಡ್ತು!'

ಮಾವ ಮಲಗಿದ್ದಲ್ಲಿಂದಲೇ, 'ನಂದೂ ನಿಂತೈತೆ, ಬಾರೇ' ಎಂದು ಪಕ್ಕದಲ್ಲಿ ಟವೆಲಿನ ಮೇಲೆ ಜಾಗ ಬಿಟ್ಟರು.

ಅತ್ತೆ ಅಳುತ್ತಾ ಬಂದು ಪಕ್ಕದಲ್ಲಿ ಕುಸಿದು ಕೂತರು. ಕೂತ ಸ್ವಲ್ಪ ಹೊತ್ತಿಗೆ ಹ್ಯಾಂಡಲ್ಲಿನ ಸ್ಕ್ರೀನಿಗೆ ಅಂಕಿ ಬಂತು. ಅತ್ತೆಯ ಕೈಯಲ್ಲಿದ್ದದ್ದಕ್ಕೂ ಬಂತು. ಇಬ್ಬರೂ ಬದುಕಿದರು. ಹಿಗ್ಗಿನಲ್ಲಿ ಅತ್ತೆ ಎದ್ದು, ಮೇಕೆಯ ಹೆಂಗಸಿಗೆ ಸುದ್ದಿ ಕೂಗಿ ಹೇಳಲು ತಿರುವಿನ ಕಡೆ ಹೋದರು. ಗೀಟು. ವಾಪಸ್ ಬಂದರು. ಅಂಕಿ. 'ಇವಳು ಹತ್ರ ಇದ್ರೆ ಮಾತ್ರ ನನ್ನ ಎದೆ ಓಡೋದು!' ಎಂದು ಮಾವ ಬೆರಗಾಗಿ ನನ್ನ ಮುಖ ನೋಡಿದರು.

ನನಗೆ ಮಣೆಯ ಮೇಲಿನ ಪೂಜೆ ನೆನಪಾದದ್ದು ಆಗ. ಪಟ್ಟಿಗಳು ಅದಲುಬದಲಾಗಿದ್ದವು. ಅಷ್ಟು ದಿನ ಮಾವ ನೋಡಿಕೊಂಡು ಬಂದದ್ದು ಹಿಂದೆ ಮೊಪೆಡ್ಡಿನಲ್ಲಿ ಕೂತ ಅತ್ತೆಯ ಎದೆ. ದಿಣ್ಣೆಯಲ್ಲಿ ನನ್ನ ಗಾಡಿ ತೆವಳುವಾಗ ಅದು ತಣ್ಣಗಿರುತ್ತಿತ್ತು, ಇಳಿಜಾರಿನಲ್ಲಿ ಭಯಕ್ಕೆ ಹಾರುತ್ತಿತ್ತು. ಅತ್ತೆ ತನ್ನದೆಂದು ಹೆದರಿ ಕಾಫಿ ಬಿಟ್ಟದ್ದು ಮಾವನ ಎದೆಗೆ. ಅಂದರೆ ಡಾಕ್ಟರು ಹೇಳಿದ ಗಡಿಯನ್ನು ಈ ಮಹಾರಾಯ ಪ್ರತಿ ದಿಣ್ಣೆಯಲ್ಲೂ ದಾಟಿದ್ದರು!

ಬಿಡಿಸಿ ಹೇಳಿದೆ. ಗೀಟು ಬಂದರೆ ಸತ್ತ ಹಾಗಲ್ಲ, ಪಟ್ಟಿ ಕಟ್ಟಿಕೊಂಡವರು ದೂರ ಹೋಗಿದ್ದಾರೆ ಎಂದು ಅರ್ಥ, ಹತ್ತಿರ ಬಂದರೆ ಮತ್ತೆ ಓದುತ್ತದೆ ಎಂದೆ. ಮಾವ ಹ್ಯಾಂಡಲ್ಲಿನ ಅಂಕಿಯನ್ನೇ ನೋಡುತ್ತಾ, 'ಇಳಿಜಾರಲ್ಲಿ ಇಷ್ಟು ಹೆದರ್ತಿದ್ಯೇನೇ?' ಎಂದು ಮೆಲ್ಲಗೆ ಕೇಳಿದರು. ಅತ್ತೆ ಸೆರಗಿನಲ್ಲಿ ಅವರ ಕುತ್ತಿಗೆಯ ಬೆವರು ಒರೆಸಿದರು.

'ಪಟ್ಟಿ ಬದಲಾಯಿಸಿ ಕಟ್ಟಿ, ಸರಿಹೋಗ್ತದೆ' ಎಂದೆ.

'ಏನೂ ಬ್ಯಾಡ' ಎಂದರು ಅತ್ತೆ. 'ಇವರದ್ದು ಇವರ ಕೈಗೆ ಕೊಟ್ರೆ ನೋಡಿದ್ರೂ ನೋಡ್ದಂಗೆ ತುಳೀತಾರೆ. ನನ್ನ ಕೈಲೇ ಇರ್ಲಿ.'

'ನಂದು ಹೆಂಗೂ ಒಳಗೇ ಹೊಡ್ಕಂತದೆ' ಎಂದರು ಮಾವ. 'ಅವಳದ್ದು ನಂಗೆ ಇನ್ನೆಂಗೆ ಗೊತ್ತಾಗ್ಬೇಕು?'

ಆಮೇಲೆ ದಿಣ್ಣೆಯಲ್ಲಿ ಹಿಂದಿನಿಂದ 'ಇಳೀರಿ!' ಎಂದು ಕೂಗು ಬಂದರೆ ಮಾವ ಅಲ್ಲೇ ಇಳಿದು ನಿಲ್ಲುತ್ತಿದ್ದರು. 'ಹೂಂ, ಹತ್ತಿ' ಎಂದರೆ ಹತ್ತುತ್ತಿದ್ದರು. ಇಳಿಜಾರಿನಲ್ಲಿ ಹ್ಯಾಂಡಲ್ಲಿನ ಅಂಕಿ ಏರಿದರೆ ಹಿಂದೆ ತಿರುಗಿ, 'ನಿಧಾನಕ್ಕೆ ಹೊಡಿಯೋ, ಅವಳು ಹೆದರ್ತವ್ಳೆ' ಎಂದು ನನ್ನನ್ನು ಬೈಯುತ್ತಿದ್ದರು. ಹೀಗೆ ನಿಂತು ನಿಂತು ಒಂದು ದಿನ ಕಲ್ಲುಮಂಟಪ ಮುಟ್ಟಿದೆವು. ಮಾವ ಕಂಬಕ್ಕೆ ಒರಗಿ, ದೂರದ ರನ್‌ವೇ ಮೇಲೆ ಏಳುತ್ತಿದ್ದ ವಿಮಾನ ನೋಡಿ, 'ಎಗರೋ ಜಾತಿ' ಎಂದರು. ಅತ್ತೆ ಆ ದಿನ ಮನೆಗೆ ಬಂದು ಕಾಫಿ ಕುಡಿದರು.

ಕೊನೆಯ ಜ್ವರದಲ್ಲಿ ಅತ್ತೆ ಆ ಪಟ್ಟಿಯನ್ನು ಮಾವನ ಎದೆಯಿಂದ ಬಿಚ್ಚಲೇ ಇಲ್ಲ. ಮಂಚದ ಪಕ್ಕದಲ್ಲಿ ಸ್ಕ್ರೀನು ಹಿಡಿದು ಕೂತಿರುತ್ತಿದ್ದರು. ಅದಕ್ಕೇ ಮೊದಲು ಹೇಳಿದ್ದು, ಎದೆ ಕೊನೆಯವರೆಗೂ ನೆಟ್ಟಗಿತ್ತು ಎಂದು.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಕೊಟ್ಟಿಗೆಯಲ್ಲಿ ಸೈಕಲ್ಲು ನಿಂತಿತ್ತು. ಅದರ ಹ್ಯಾಂಡಲ್ಲಿನಲ್ಲಿ ಅಂಕಿ ಕಾಣುತ್ತಿತ್ತು. ಅತ್ತೆ ತಮ್ಮ ಪಟ್ಟಿ ಕಟ್ಟಿಕೊಂಡಿದ್ದರು.

'ಅವರ ಸ್ಕ್ರೀನು ಇನ್ನೂ ನನ್ನ ನೋಡ್ತಾನೇ ಐತೆ ನೋಡು' ಎಂದರು. ಆಮೇಲೆ ತಮ್ಮ ಕೈಯಲ್ಲಿದ್ದದ್ದನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಎರಡು ಗೀಟು, ಅದೂ ಮಾಸಿ ಮಾಸಿ ಕಾಣುತ್ತಿದ್ದವು.

'ಮಾವನ ಪಟ್ಟಿ ಎಲ್ಲತ್ತೆ?'

'ಅವರ ಜೊತೇಲೇ ಮಣ್ಣಿಗೆ ಕಳಿಸ್ದೆ. ಬಿಚ್ಚೋಕೆ ಮನ್ಸಾಗ್ಲಿಲ್ಲ. ಪಕ್ಕದಲ್ಲೇ ಕೂತಿದ್ದೆ ಕಣಪ್ಪಾ, ಕೈ ಹಿಡ್ಕಂಡೇ ಇದ್ದೆ. ಗೀಟು ಬಂತು.'

ಅತ್ತೆ ಸೆರಗಿನಿಂದ ಸ್ಕ್ರೀನಿನ ಗಾಜು ಒರೆಸಿದರು.

'ಗೀಟು ಬಂದ್ರೆ ಸತ್ತಂಗಲ್ಲ, ದೂರ ಹೋಗವ್ರೆ ಅಂತ. ನೀನೇ ಹೇಳಿದ್ದಲ್ವಾ ಅವತ್ತು?'

'ಹೂಂ ಅತ್ತೆ' ಎಂದೆ.

'ಹಂಗಾದ್ರೆ ಹೋಗಿ ಇದಕ್ಕೊಂದು ಬ್ಯಾಟ್ರಿ ಹಾಕ್ಸ್ಕಂಡು ಬಾ.'

ನಾನು ಮೊಪೆಡ್ಡು ತೆಗೆದೆ.